ಕಂದಾಯದ ರಸೀದಿಯಲ್ಲಿ ಯಾರ ಹೆಸರಿದೆ? ಮಡಿದ ಸೈನಿಕರ ಮನೆಯವರಿಗೆ ಆಸ್ತಿ ತೆರಿಗೆ ರಿಯಾಯಿತಿ

ಮಡಿದ ಸೈನಿಕರೊಬ್ಬರ ಹೆಂಡತಿ ನನ್ನ ಮೇಜಿನ ಮೇಲೆ ಬಟ್ಟೆ ಅಂಗಡಿಯದೊಂದು ಪ್ಲಾಸ್ಟಿಕ್ ಕವರ್ ಬಿಡಿಸಿಟ್ಟರು. ಒಳಗೆ ಲ್ಯಾಮಿನೇಷನ್ ಮಾಡಿಸಿದ ಮರಣ ಪ್ರಮಾಣಪತ್ರ, ಸೇನೆಯಿಂದ ಬಂದ ಇಂಗ್ಲಿಷ್ ಪತ್ರಗಳು, ಪಿಂಚಣಿ ಪಾವತಿಯ ಆದೇಶಪತ್ರ (ಪಿಪಿಒ), ಮಗಳ ಶಾಲೆಯ ಫೀ ಚೀಟಿ, ಮತ್ತೆ ಎಂಟು ವರ್ಷದ ಮನೆ ಕಂದಾಯದ ರಸೀದಿಗಳು. ರಸೀದಿಗಳನ್ನು ವರ್ಷವಾರು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಒಂದು ವರ್ಷವೂ ತಪ್ಪಿರಲಿಲ್ಲ. ಎಲ್ಲದರಲ್ಲೂ ಮಾಲೀಕರ ಹೆಸರಿನ ಜಾಗದಲ್ಲಿ ಇದ್ದದ್ದು ತೀರಿಹೋದ ಗಂಡನ ಹೆಸರು.

“ಸೈನಿಕರ ಮನೆಗೆ ಕಂದಾಯನೇ ಇಲ್ವಂತಲ್ಲಣ್ಣ? ಅಮೆರಿಕದಲ್ಲಿರೋ ನಮ್ಮಕ್ಕನ ಮಗ ವಾಟ್ಸ್ಆ್ಯಪಲ್ಲಿ ಕಳಿಸವ್ನೆ. ಕೌಂಟರಲ್ಲಿ ಕೇಳಿದ್ರೆ ಅಂಥದ್ದೇನೂ ಇಲ್ಲ ಕಣಮ್ಮ ಅಂದ್ಬುಟ್ರು.”

ನಾನು ಹಾಸನದಲ್ಲಿ ಪತ್ರ ಬರೆಯುವವನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಖಾತೆ ಅರ್ಜಿ ಇವೇ ನನ್ನ ಕೆಲಸ. ಅರಕಲಗೂಡು, ಆಲೂರು, ಬೇಲೂರು ಕಡೆಯಿಂದ ಸೇನೆಗೆ ಸೇರಿದವರ ಮನೆಯವರು ಆಗಾಗ ಬರುತ್ತಾರೆ. ಇದೇ ಪ್ರಶ್ನೆಯನ್ನು ಇದಕ್ಕೆ ಮೊದಲೂ ಕೇಳಿದ್ದೇನೆ. ಅಕ್ಕನ ಮಗ ಕಳಿಸಿದ್ದು ಸುಳ್ಳಲ್ಲ, ಆದರೆ ಅದು ಟೆಕ್ಸಾಸ್ ರಾಜ್ಯದ ಕಾನೂನು. ಕೌಂಟರಿನಲ್ಲಿ ಕೊಟ್ಟ ಉತ್ತರ ಮಾತ್ರ ತಪ್ಪು. ಕರ್ನಾಟಕದ ನಗರ, ಪಟ್ಟಣಗಳಲ್ಲಿ ಮಾಜಿ ಸೈನಿಕರಿಗೂ ಮೃತ ಸೈನಿಕರ ಕುಟುಂಬಕ್ಕೂ ಅವರು ಸ್ವತಃ ವಾಸವಿರುವ ಮನೆಯ ಆಸ್ತಿ ತೆರಿಗೆಯಲ್ಲಿ ಶೇ. 50 ವಿನಾಯಿತಿ ಇದೆ. ಪೂರ್ತಿ ಮಾಫಿ ಇಲ್ಲ, ಅರ್ಧ ಇದೆ. ಆ ಅರ್ಧ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು. ಕೇಳುವುದಕ್ಕೆ ಮೊದಲು ಮನೆಯ ಕಾಗದ ಸರಿಯಿರಬೇಕು. ನಮ್ಮ ಹೆಣ್ಣುಮಕ್ಕಳು ಸಿಕ್ಕಿಕೊಳ್ಳುವುದೇ ಈ ಕಡೆಯ ಮಾತಿನಲ್ಲಿ.

ಮೊದಲು ಈ ರಿಯಾಯಿತಿ ಕೊಡುವ ಅಧಿಕಾರ ಯಾರದು ಎಂಬುದು ತಿಳಿದಿರಲಿ. “ದೇಶಕ್ಕಾಗಿ ಸತ್ತವರಿಗೆ ದೆಹಲಿಯವರು ಒಂದು ಆದೇಶ ಮಾಡಬಾರದಾ?” ಎಂದು ಬಹಳ ಜನ ಕೇಳುತ್ತಾರೆ. ಮಾಡುವಂತಿಲ್ಲ. ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಯಾವ ವಿಷಯ ಕೇಂದ್ರಕ್ಕೆ, ಯಾವುದು ರಾಜ್ಯಕ್ಕೆ ಎಂದು ಪಟ್ಟಿಗಳಿವೆ. ಸೇನೆ, ರಕ್ಷಣೆ ಕೇಂದ್ರದ ಪಟ್ಟಿಯಲ್ಲಿದೆ. ಭೂಮಿ ಮತ್ತು ಕಟ್ಟಡಗಳ ಮೇಲಿನ ತೆರಿಗೆ ರಾಜ್ಯದ ಪಟ್ಟಿಯ 49ನೇ ನಮೂದಿನಲ್ಲಿದೆ. ಹಾಗಾಗಿ ಪಿಂಚಣಿ, ಪರಿಹಾರ, ಆದಾಯ ತೆರಿಗೆಯ ವಿನಾಯಿತಿ ದೆಹಲಿಯಿಂದ ಬರುತ್ತವೆ, ಮನೆ ಕಂದಾಯದ ವಿನಾಯಿತಿ ವಿಧಾನಸೌಧದಿಂದಲೇ ಬರಬೇಕು. ಒಂದೇ ಸಾವು, ಆದರೆ ಕಾಗದ ಎರಡು ದಿಕ್ಕಿಗೆ ಓಡಬೇಕು. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆಯಾಗುವುದೂ ಇದೇ ಕಾರಣಕ್ಕೆ. ಮಹಾರಾಷ್ಟ್ರ 2020ರಲ್ಲಿ ಹಳ್ಳಿಯ ಮನೆಗಳಿಗೂ ಸೇರಿಸಿ ಮಾಜಿ ಸೈನಿಕರಿಗೆ ಮತ್ತು ಸೈನಿಕರ ವಿಧವೆಯರಿಗೆ ಆಸ್ತಿ ತೆರಿಗೆ ವಿನಾಯಿತಿ ಕೊಟ್ಟಿತು. ಅಲ್ಲಿನ ಸುದ್ದಿ ಇಲ್ಲಿ ಹಂಚಿಕೆಯಾದಾಗ ಇಲ್ಲಿಯದೇ ಎಂದು ನಂಬಿ ಬಂದವರನ್ನೂ ನೋಡಿದ್ದೇನೆ.

ನಮ್ಮ ರಾಜ್ಯದೊಳಗೇ ಮತ್ತೊಂದು ಗೆರೆ ಇದೆ. ಸಕಲೇಶಪುರ, ಬೇಲೂರಿನಂಥ ಪುರಸಭೆ, ಅರಕಲಗೂಡಿನಂಥ ಪಟ್ಟಣ ಪಂಚಾಯಿತಿ ಇವೆಲ್ಲ 1964ರ ಪುರಸಭೆಗಳ ಕಾಯ್ದೆಯಲ್ಲಿ ಬರುತ್ತವೆ. ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆ. ನಾನು ಹೇಳಿದ ಅರ್ಧ ವಿನಾಯಿತಿ ಈ ನಗರ ಕಾಯ್ದೆಗಳ ಮಾತು. ಹಳ್ಳಿಯ ಮನೆ 1993ರ ಪಂಚಾಯತ್ ರಾಜ್ ಕಾಯ್ದೆಯ ಕೆಳಗೆ ಬರುತ್ತದೆ. ಪುರಸಭೆಯ ನಿಯಮದ ಜೆರಾಕ್ಸ್ ಹಿಡಿದು ಪಿಡಿಒ ಮುಂದೆ ನಿಂತರೆ ಅವರು ಅದನ್ನು ಒಪ್ಪಲಾರರು, ಅದರಲ್ಲಿ ಅವರ ತಪ್ಪೂ ಇಲ್ಲ. ಸೇನೆಗೆ ಹೋಗುವ ಹುಡುಗರು ಹೆಚ್ಚಾಗಿ ಹಳ್ಳಿಯವರು, ಅವರ ಮನೆ ಇರುವುದೂ ಹಳ್ಳಿಯಲ್ಲೇ. ವಿನಾಯಿತಿಯ ಮಾತು ಶುರುವಾಗಬೇಕಿದ್ದದ್ದು ಅಲ್ಲಿಂದ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. ನಗರ, ಪಟ್ಟಣಗಳಲ್ಲಿ ಈಗ ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆಯ ಕಾಲು ಭಾಗವನ್ನು ಹಿಡಿದು, ಅದರ ಮೇಲೆ ಸ್ಥಳೀಯ ಸಂಸ್ಥೆ ನಿಗದಿ ಮಾಡಿದ ದರ ಹಾಕುತ್ತಾರೆ. ಜಾಗ, ಕಟ್ಟಡ ಸೇರಿ ಮಾರ್ಗಸೂಚಿ ಬೆಲೆ 24 ಲಕ್ಷ ಎಂದಿಟ್ಟುಕೊಳ್ಳಿ. ಕಾಲು ಭಾಗ 6 ಲಕ್ಷ. ದರ ಶೇ. 0.5 ಇದ್ದರೆ ತೆರಿಗೆ 3,000 ರೂಪಾಯಿ. ಸೈನಿಕ ಕುಟುಂಬದ ವಿನಾಯಿತಿ ಹಿಡಿದರೆ 1,500. ತೆರಿಗೆಯ ಜೊತೆಗೆ ಆರೋಗ್ಯ ಉಪಕರ ಶೇ. 15, ಗ್ರಂಥಾಲಯ ಉಪಕರ ಶೇ. 6, ಭಿಕ್ಷುಕರ ಉಪಕರ ಶೇ. 3 ಎಂದು ಚಲನ್‌ನಲ್ಲಿ ಬೇರೆ ಸಾಲುಗಳು ಬರುತ್ತವೆ, ಅವನ್ನೂ ಓದಿ ನೋಡಬೇಕು. ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ಎಲ್ಲರಿಗೂ ಸಿಗುವ ಶೇ. 5 ರಿಯಾಯಿತಿ ಇವರಿಗೂ ಉಂಟು. ಜೂನ್ ದಾಟಿದರೆ ತಿಂಗಳಿಗೆ ಶೇ. 2ರಂತೆ ದಂಡ ಬೀಳುತ್ತದೆ. “ವಿನಾಯಿತಿ ಅರ್ಜಿ ಹಾಕಿದೀನಲ್ಲ, ಅದು ತೀರ್ಮಾನ ಆಗಲಿ” ಎಂದು ಕಟ್ಟದೆ ಕೂತರೆ ಅರ್ಧ ಉಳಿಸಲು ಹೋಗಿ ದಂಡ ತೆತ್ತಂತಾಗುತ್ತದೆ. ಇದೂ ನಾನು ಕಣ್ಣಾರೆ ಕಂಡದ್ದೇ.

ವರ್ಷಕ್ಕೆ ಸಾವಿರದೈನೂರು, ಎರಡು ಸಾವಿರ. ಇಷ್ಟಕ್ಕೆ ಈ ಓಡಾಟ ಬೇಕಾ ಎಂದು ಕೇಳುವವರಿಗೆ ನನ್ನ ಉತ್ತರ: ಬೇಕು, ಮತ್ತು ಅದು ಆ ಎರಡು ಸಾವಿರಕ್ಕಾಗಿ ಮಾತ್ರವೂ ಅಲ್ಲ. ಈ ವಿನಾಯಿತಿ ಕೇಳಲು ಹೋದಾಗಲೇ ಮನೆ ಯಾರ ಹೆಸರಿನಲ್ಲಿದೆ ಎಂದು ಮನೆಯವರು ಮೊದಲ ಸಲ ನೋಡುತ್ತಾರೆ.

ಆವತ್ತು ನಾನು ಅವರನ್ನು ಕೇಳಿದೆ. “ಅಕ್ಕ, ಸೈಟು ಯಾರ ದುಡ್ಡಲ್ಲಿ ತಗೊಂಡ್ರಿ?”

“ಅವರೇ ತಗೊಂಡಿದ್ದು. ರಜೆಗೆ ಬಂದಾಗ ರಿಜಿಸ್ಟ್ರೇಷನ್ ಆಯ್ತು. ಲೋನು ಮಾಡಿ ಮನೆ ಕಟ್ಟಿದ್ರು.”

“ಖಾತೆ ಬದಲಾವಣೆ ಮಾಡಿಸ್ಲಿಲ್ವಾ?”

“ಯಾಕಣ್ಣ ಮಾಡಿಸ್ಬೇಕು? ನಾಮಿನಿ ನಾನೇ ಅಲ್ವಾ.”

ಈ ಒಂದು ಮಾತಿನಲ್ಲಿ ಎಷ್ಟು ಮನೆಗಳು ಸಿಕ್ಕಿಕೊಂಡಿವೆ ಎಂದು ನನಗೆ ಗೊತ್ತು. ಸೇನೆಯ ದಾಖಲೆಯಲ್ಲಿ, ಬ್ಯಾಂಕಿನಲ್ಲಿ, ವಿಮೆಯಲ್ಲಿ ಹೆಂಡತಿ ನಾಮಿನಿ ಆಗಿರುತ್ತಾರೆ, ಹಣ ಅವರ ಖಾತೆಗೆ ಬರುತ್ತದೆ. ಮನೆ, ಸೈಟಿನ ವಿಷಯದಲ್ಲಿ ನಾಮಿನಿ ಎಂಬ ಮಾತಿಗೆ ಬೆಲೆಯಿಲ್ಲ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಸ್ವಂತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೊದಲ ದರ್ಜೆಯ ವಾರಸುದಾರರಿಗೆ ಸಮವಾಗಿ ಹೋಗುತ್ತದೆ. ಹೆಂಡತಿಗೊಂದು ಪಾಲು, ಒಬ್ಬೊಬ್ಬ ಮಗನಿಗೆ ಒಂದೊಂದು, ಒಬ್ಬೊಬ್ಬ ಮಗಳಿಗೆ ಒಂದೊಂದು, ಮತ್ತು ತಾಯಿಗೊಂದು. ತಂದೆ ಈ ಮೊದಲ ದರ್ಜೆಯಲ್ಲಿ ಇಲ್ಲ. ಹೀಗೆಂದಾಗ ಮಾವನ ಮುಖ ಸಪ್ಪಗಾಗುವುದೂ ಉಂಟು, ಅತ್ತೆಗೂ ಪಾಲಿದೆ ಎಂದಾಗ ಸೊಸೆ ಬೆಚ್ಚುವುದೂ ಉಂಟು. ಇಬ್ಬರಿಗೂ ನಿಧಾನವಾಗಿ ತಿಳಿಸಿ ಹೇಳಬೇಕು. ಮಗನನ್ನು ಕಳೆದುಕೊಂಡ ತಾಯಿಗೆ ಕಾನೂನು ಕೊಟ್ಟ ಪಾಲು ಅದು. ಅದನ್ನು ಕಸಿಯಲು ಬಂದವರಂತೆ ಯಾರೂ ಮಾತಾಡಬಾರದು.

ಆದ್ದರಿಂದ ಮಾಡಬೇಕಾದ ಮೊದಲ ಕೆಲಸ ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಗಂಡನ ಹೆಸರಿನ ಕ್ರಯಪತ್ರ, ಈವರೆಗಿನ ಕಂದಾಯ ರಸೀದಿ, ವಾರಸುದಾರರ ಒಪ್ಪಿಗೆ ಇವನ್ನೆಲ್ಲ ಸೇರಿಸಿ ಅರ್ಜಿ ಕೊಟ್ಟರೆ ವಾರಸುದಾರರ ಹೆಸರಿಗೆ ಖಾತೆ ಬರುತ್ತದೆ. ಪಟ್ಟಣದಲ್ಲಿ ಇದು ಈಗ ಇ-ಆಸ್ತಿ ತಂತ್ರಾಂಶದಲ್ಲಿ, ಹಳ್ಳಿಯಲ್ಲಿ ಇ-ಸ್ವತ್ತಿನಲ್ಲಿ ಆಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. “ಎಲ್ಲರ ಹೆಸರೂ ಯಾಕೆ, ಸೊಸೆ ಒಬ್ಬಳ ಹೆಸರಿಗೆ ಮಾಡಿಬಿಡಿ” ಎಂದು ಹಕ್ಕು ಬಿಡುಗಡೆ ಪತ್ರ ಬರೆಸಲು ಅವಸರ ಮಾಡುವ ಹಿತೈಷಿಗಳು ಪ್ರತಿ ಊರಲ್ಲೂ ಇರುತ್ತಾರೆ. ಇದನ್ನೇ ತಿರುಗಿಸಿ, ಸೊಸೆಯಿಂದ ಬಿಡುಗಡೆ ಬರೆಸಿಕೊಳ್ಳಲು ನೋಡುವವರು ಇನ್ನೂ ಹೆಚ್ಚು. ಕಂದಾಯದ ವಿನಾಯಿತಿಗೆ ಇದು ಬೇಕಿಲ್ಲ. ಜಂಟಿ ಖಾತೆಯಲ್ಲಿ ಹೆಂಡತಿ, ಮಕ್ಕಳು, ತಾಯಿ ಇದ್ದರೆ ಅವರೆಲ್ಲರೂ ಮೃತ ಸೈನಿಕರ ಕುಟುಂಬವೇ. ಮಕ್ಕಳು ಹದಿನೆಂಟು ತುಂಬದವರಾಗಿದ್ದರೆ ಅವರ ಪಾಲನ್ನು ಬಿಟ್ಟುಕೊಡುವುದಾಗಲಿ ಮಾರುವುದಾಗಲಿ ನ್ಯಾಯಾಲಯದ ಅನುಮತಿಯಿಲ್ಲದೆ ತಾಯಿಯಿಂದಲೂ ಆಗುವುದಿಲ್ಲ. ಅಂಥ ಪತ್ರ ಬರೆಸಿದರೆ ಮುಂದೆ ಆ ಮಕ್ಕಳೇ ಪ್ರಶ್ನೆ ಮಾಡಬಹುದು. ನಾನು ಬರೆಯುವುದಿಲ್ಲ ಎಂದು ಕಳಿಸಿದ್ದೇನೆ. ಬೇರೆ ಕಡೆ ಬರೆಸಿಕೊಂಡು ಆಮೇಲೆ ಕೋರ್ಟು ಮೆಟ್ಟಿಲು ಹತ್ತಿದವರೂ ಇದ್ದಾರೆ.

ಇನ್ನೂ ಕಷ್ಟವಾದದ್ದು, ಮನೆ ಮಾವನ ಹೆಸರಿನಲ್ಲಿರುವುದು. ನಮ್ಮ ಕಡೆ ಇದೇ ಜಾಸ್ತಿ. ಹುಡುಗ ಗಡಿಯಿಂದ ಕಳಿಸಿದ ದುಡ್ಡಲ್ಲಿ ಹಳೇ ನಾಡಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿರುತ್ತಾರೆ, ಜಾಗ ಮಾತ್ರ ಅಪ್ಪನ ಹೆಸರಲ್ಲೇ ಉಳಿದಿರುತ್ತದೆ. ಆ ಜಾಗ ಮಾವನ ಸ್ವಯಾರ್ಜಿತವಾಗಿದ್ದು ಅವರು ಬದುಕಿರುವಾಗ, ಕಟ್ಟಡಕ್ಕೆ ಯಾರ ದುಡ್ಡು ಬಿದ್ದಿದ್ದರೂ ಸೊಸೆಗೆ ಅದರಲ್ಲಿ ಮಾಲೀಕತ್ವ ಬರುವುದಿಲ್ಲ. ಪಿತ್ರಾರ್ಜಿತವಾಗಿದ್ದರೆ ಗಂಡನ ಪಾಲಿನ ಮಾತು ಬರುತ್ತದೆ, ಅದಕ್ಕೆ ವಿಭಾಗ ಆಗಬೇಕು. ಮಾವ ಉಯಿಲಿಲ್ಲದೆ ತೀರಿಕೊಂಡರೆ, ಮೊದಲೇ ತೀರಿಹೋದ ಮಗನ ಹೆಂಡತಿ ಎಂಬ ನೆಲೆಯಲ್ಲಿ ಸೊಸೆಯೂ ವಾರಸುದಾರಳು. ಮಾವ ಮನಸ್ಸು ಮಾಡಿದರೆ ಇದಕ್ಕೆಲ್ಲ ಕಾಯಬೇಕಿಲ್ಲ. ಮನೆಯನ್ನೋ ಮನೆಯ ಒಂದು ಭಾಗವನ್ನೋ ಸೊಸೆಗೆ ದಾನಪತ್ರ ಮಾಡಿಕೊಡಬಹುದು. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆ.

ಒಬ್ಬ ಹಿರಿಯರು ಹಾಗೆ ಮಾಡಿದರು. ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು ಕೂತಿದ್ದರು. ಕೈಯಲ್ಲಿ ಮಗನ ಫೋಟೊ ಇದ್ದ ಸೇನೆಯ ಹಳೇ ಕ್ಯಾಂಟೀನ್ ಕಾರ್ಡ್. ಪತ್ರ ಓದಿ ಹೇಳುತ್ತಿದ್ದೆ. ‘ಪ್ರೀತಿ ವಿಶ್ವಾಸಗಳಿಂದ’ ಎಂಬ ಮಾಮೂಲಿ ಸಾಲು ಬಂದಾಗ ನಿಲ್ಲಿಸಿದರು. “ಅಲ್ಲಿ ನನ್ನ ಮಗನ ಹೆಸರೂ ಸೇರಿಸಿ” ಎಂದರು. ಸೇರಿಸಿದೆ. ದಾನಪತ್ರಕ್ಕೆ ಅದರ ಅಗತ್ಯ ಇರಲಿಲ್ಲ, ಆದರೆ ಅವರಿಗೆ ಇತ್ತು.

ಖಾತೆ ಎಂದರೆ ಹಕ್ಕುಪತ್ರವೇ ಎಂದು ತಿಳಿಯಬಾರದು. ಖಾತೆಯಾಗಲಿ ಕಂದಾಯದ ರಸೀದಿಯಾಗಲಿ ಮಾಲೀಕತ್ವವನ್ನು ಹುಟ್ಟಿಸುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಅದು ತೆರಿಗೆ ವಸೂಲಿಯ ದಾಖಲೆ. ಆದರೂ ಬ್ಯಾಂಕಿಗೆ, ವಿದ್ಯುತ್ ಸಂಪರ್ಕಕ್ಕೆ, ಮನೆ ಮೇಲೆ ಇನ್ನೊಂದು ಅಂತಸ್ತು ಕಟ್ಟುವ ಪರವಾನಗಿಗೆ ಮೊದಲು ಕೇಳುವುದು ಅದನ್ನೇ. ಅದರಲ್ಲಿ ತನ್ನ ಹೆಸರಿರುವ ಹೆಂಗಸನ್ನು ಮನೆಯಿಂದ ಎಬ್ಬಿಸುವುದು ಅಷ್ಟು ಸುಲಭವಲ್ಲ.

ಈಗ ಸಾವಿನ ಕಾಗದದ ವಿಷಯಕ್ಕೆ ಬರುತ್ತೇನೆ. ಊರಿನ ಬಸ್ ಸ್ಟಾಪಿನ ಫ್ಲೆಕ್ಸಿನಲ್ಲಿ ‘ಹುತಾತ್ಮ ವೀರಯೋಧ’ ಎಂದಿರುತ್ತದೆ. ಆದರೆ ಸೇನೆಯ ಕಡತದಲ್ಲಿ ಹುತಾತ್ಮ ಎಂಬ ವರ್ಗವೇ ಇಲ್ಲ. ಅಲ್ಲಿ ಇರುವುದು ‘ಬ್ಯಾಟಲ್ ಕ್ಯಾಶುಯಲ್ಟಿ’ (ಯುದ್ಧ, ಕಾರ್ಯಾಚರಣೆಯ ಸಾವುನೋವು), ‘ಫಿಸಿಕಲ್ ಕ್ಯಾಶುಯಲ್ಟಿ’ (ಉಳಿದ ಸಾವುನೋವು) ಎಂಬ ಎರಡು ಮಾತು, ಮತ್ತು ಪಿಂಚಣಿಗಾಗಿ ಎ ಯಿಂದ ಇ ವರೆಗೆ ಐದು ವರ್ಗ. ಸೇವೆಗೆ ಸಂಬಂಧವಿಲ್ಲದ ಸಹಜ ಸಾವು ಎ. ಸೇವೆಯ ಕಾರಣಕ್ಕೆ ಬಂದ ಕಾಯಿಲೆ, ಕರ್ತವ್ಯದಲ್ಲಿದ್ದಾಗಿನ ಅಪಘಾತ ಬಿ ಮತ್ತು ಸಿ. ಭಯೋತ್ಪಾದಕರ ದಾಳಿ, ಗಡಿ ಚಕಮಕಿ, ಯುದ್ಧದಂಥವು ಡಿ ಮತ್ತು ಇ.

ಇದರಿಂದ ತಿಂಗಳ ಪಿಂಚಣಿಯೇ ಬದಲಾಗುತ್ತದೆ. ಡಿ, ಇ ವರ್ಗಕ್ಕೆ ಉದಾರೀಕೃತ ಕುಟುಂಬ ಪಿಂಚಣಿ, ಅಂದರೆ ಲೆಕ್ಕಕ್ಕೆ ಹಿಡಿಯುವ ಕೊನೆಯ ವೇತನದ ಪೂರ್ತಿ ಶೇ. 100. ಬಿ, ಸಿ ವರ್ಗಕ್ಕೆ ವಿಶೇಷ ಕುಟುಂಬ ಪಿಂಚಣಿ, ಶೇ. 60. ಎ ವರ್ಗಕ್ಕೆ ಸಾಮಾನ್ಯ ಕುಟುಂಬ ಪಿಂಚಣಿ, ಸೇವೆಯಲ್ಲಿದ್ದಾಗ ಸತ್ತರೆ ಮೊದಲ ಹತ್ತು ವರ್ಷ ಶೇ. 50, ಆಮೇಲೆ ಶೇ. 30. ಎಂಟು ವರ್ಷದಿಂದ ಪಿಂಚಣಿ ತೆಗೆದುಕೊಳ್ಳುತ್ತಿದ್ದರೂ ತಮ್ಮದು ಯಾವುದು ಎಂದು ಗೊತ್ತಿಲ್ಲದವರು ಬಹಳ. ಪಿಪಿಒದಲ್ಲಿ ಬರೆದಿರುತ್ತದೆ. ಈಗ ಸೇನಾ ಪಿಂಚಣಿಯ ‘ಸ್ಪರ್ಶ್’ ಪೋರ್ಟಲ್‌ನಲ್ಲೂ ತೆಗೆದು ನೋಡಬಹುದು.

2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದದ್ದು ನೆನಪಿರಬಹುದು. ಸುಮಾರು 19,600 ಅಡಿ ಎತ್ತರದಲ್ಲಿ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹಿಮದಡಿ ಸಿಕ್ಕಿಕೊಂಡರು. ನಮ್ಮ ಹಾಸನ ತಾಲ್ಲೂಕಿನ ತೇಜೂರಿನ ಸುಬೇದಾರರೊಬ್ಬರು ಅವರಲ್ಲಿದ್ದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕು, ಫೆಬ್ರವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಆಗ ಹಾಸನದಲ್ಲಿ ಬಹಳ ಜನ ಕೇಳಿದ ಪ್ರಶ್ನೆ ಒಂದೇ: ಗುಂಡು ತಾಗದೆ, ಹಿಮ ಬಿದ್ದು ಸತ್ತರೆ ಅದೂ ಯುದ್ಧದ ಸಾವಾ? ಗಡಿಯಲ್ಲಿ, ನಿಯಂತ್ರಣ ರೇಖೆಯಲ್ಲಿ ಕಾರ್ಯನಿರತರಾಗಿದ್ದಾಗ ಪ್ರಕೃತಿ ವಿಕೋಪದಿಂದ ಆದ ಸಾವನ್ನೂ ಸೇನೆಯ ನಿಯಮ ಬ್ಯಾಟಲ್ ಕ್ಯಾಶುಯಲ್ಟಿಯ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕೊಲ್ಲುವುದಕ್ಕೆ ಅಲ್ಲಿ ಶತ್ರುವೇ ಬರಬೇಕಿಲ್ಲ.

ಆದಾಯ ತೆರಿಗೆಗೂ ಸಾವು ಯಾವ ಸಂದರ್ಭದಲ್ಲಿ ಆಯಿತು ಎಂಬುದೇ ಆಧಾರ. ಕಾರ್ಯಾಚರಣೆಯ ಕರ್ತವ್ಯದಲ್ಲಿ ಮಡಿದವರ ಕುಟುಂಬ ಪಿಂಚಣಿಗೆ ಆದಾಯ ತೆರಿಗೆ ಇಲ್ಲ. ಆದಾಯ ತೆರಿಗೆಯ ನಿಯಮಗಳಲ್ಲಿ ಸಂದರ್ಭಗಳನ್ನು ಎಣಿಸಿ ಹೇಳಿದ್ದಾರೆ: ಭಯೋತ್ಪಾದಕರ ದಾಳಿ, ಅಂತರರಾಷ್ಟ್ರೀಯ ಯುದ್ಧ, ಗಡಿ ಚಕಮಕಿ, ವಿದೇಶದಲ್ಲಿ ಶಾಂತಿಪಾಲನೆ, ನೆಲಬಾಂಬ್ ಹುಗಿಯುವುದು ಮತ್ತು ತೆಗೆಯುವುದು, ಪ್ರಕೃತಿ ವಿಕೋಪದಲ್ಲಿ ಜನರ ರಕ್ಷಣೆ, ಗಲಭೆ ನಿಯಂತ್ರಣ. ನೆರೆಯಲ್ಲಿ ಸಿಕ್ಕಿಕೊಂಡವರನ್ನು ದೋಣಿಯಲ್ಲಿ ತರಲು ಹೋಗಿ ಮುಳುಗಿದ ಸೈನಿಕರ ಮನೆಯವರಿಗೂ ಇದು ಸಿಗುತ್ತದೆ. ಬೇರೆ ರೀತಿಯ ಸಾವಾದರೆ ಕುಟುಂಬ ಪಿಂಚಣಿಗೆ ತೆರಿಗೆ ಉಂಟು. ಹೊಸ ಪದ್ಧತಿಯಲ್ಲಿ ಅದರಿಂದ ಮೂರನೇ ಒಂದು ಭಾಗ ಅಥವಾ 25,000 ರೂಪಾಯಿ, ಯಾವುದು ಕಡಿಮೆಯೋ ಅದನ್ನು ಕಳೆಯಬಹುದು.

ಮನೆ ಕಂದಾಯದ ಅರ್ಧ ವಿನಾಯಿತಿಗೆ ಇಷ್ಟೆಲ್ಲ ಅಗೆಯಬೇಕಿಲ್ಲ. ನಮ್ಮ ನಗರ ಕಾಯ್ದೆಗಳಲ್ಲಿರುವುದು ಮಾಜಿ ಸೈನಿಕರು, ಮೃತ ಸೈನಿಕರ ಕುಟುಂಬ ಎಂಬ ಮಾತು. ಗುಂಡೇಟಿನಿಂದ ಸತ್ತರೇ, ಜೀಪು ಕಣಿವೆಗೆ ಬಿದ್ದು ಸತ್ತರೇ ಎಂಬ ಭೇದ ಅದರಲ್ಲಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ಕಾನೂನು ಅಮೆರಿಕದ ಕೆಲವು ರಾಜ್ಯಗಳಿಗಿಂತ ಮೊದಲೇ ದೊಡ್ಡ ಮನಸ್ಸು ಮಾಡಿತ್ತು. ಆ ವಾಟ್ಸ್ಆ್ಯಪ್ ಸಂದೇಶದ ಕಥೆಯೂ ಇಲ್ಲೇ ಬರುತ್ತದೆ.

ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಶಾಲೆಗಳಿಗೆ, ಕೌಂಟಿ ಎಂಬ ಅಲ್ಲಿನ ಜಿಲ್ಲಾಡಳಿತಗಳಿಗೆ ಹಣ ಬರುವುದು ಹೆಚ್ಚಾಗಿ ಮನೆ ತೆರಿಗೆಯಿಂದ, ಹಾಗಾಗಿ ಅಲ್ಲಿ ಅದು ಬಹಳ ಭಾರ. ಕಟ್ಟದಿದ್ದರೆ ಮನೆಯನ್ನೇ ಹರಾಜು ಹಾಕುತ್ತಾರೆ. ಗಂಡನ ಸಂಬಳ ನಿಂತ ವರ್ಷವೂ ತೆರಿಗೆ ಬಿಲ್ಲು ನಿಲ್ಲುವುದಿಲ್ಲ. ಅದಕ್ಕೆ 2013ರ ನವೆಂಬರ್‌ನಲ್ಲಿ ಜನಮತ ಪಡೆದು ರಾಜ್ಯದ ಸಂವಿಧಾನವನ್ನೇ ತಿದ್ದಿದರು. ಕಾಳಗದಲ್ಲಿ ಮಡಿದವರ ಸಂಗಾತಿಗೆ, ಗಂಡ ಇರಲಿ ಹೆಂಡತಿ ಇರಲಿ, ವಾಸದ ಮನೆಯ ತೆರಿಗೆ ಪೂರ್ತಿ ಮಾಫಿ ಆಯಿತು, 2014ರಿಂದ ಜಾರಿಗೆ ಬಂತು. ಆದರೆ ‘ಕಾಳಗದಲ್ಲಿ’ ಎಂಬ ಪದ ಬಹಳ ಮನೆಗಳನ್ನು ಹೊರಗಿಟ್ಟಿತು. ತರಬೇತಿಯಲ್ಲಿ ಹೆಲಿಕಾಪ್ಟರ್ ಬಿದ್ದು ಸತ್ತವರ ಹೆಂಡತಿ ಪೂರ್ತಿ ತೆರಿಗೆ ಕಟ್ಟಬೇಕಿತ್ತು. 2021ರಲ್ಲಿ ಮತ್ತೆ ಮತ ಹಾಕಿ ಆ ಪದವನ್ನು ‘ಕರ್ತವ್ಯದಲ್ಲಿದ್ದಾಗ’ ಎಂದು ಅಗಲ ಮಾಡಿದರು. ವರ್ಜೀನಿಯಾದಲ್ಲೂ ಹೀಗೇ ಆಯಿತು. 2014ರಲ್ಲಿ ಕಾಳಗದಲ್ಲಿ ಮಡಿದವರಿಗೆ ಎಂದು ತಂದದ್ದನ್ನು 2024ರ ನವೆಂಬರ್‌ನಲ್ಲಿ ಮತದಾರರು ಕರ್ತವ್ಯದಲ್ಲಿ ಮಡಿದ ಎಲ್ಲರಿಗೂ ವಿಸ್ತರಿಸಿದರು, 2025ರ ಜನವರಿ 1ರಿಂದ ಅದು ಲಾಗೂ. ವರ್ಜೀನಿಯಾದಲ್ಲಿ ಒಂದು ಮಿತಿಯೂ ಇದೆ. ಆ ಊರಿನ ಮನೆಗಳ ಸರಾಸರಿ ಬೆಲೆಯವರೆಗೆ ಮಾತ್ರ ಮಾಫಿ, ಮನೆ ಅದಕ್ಕಿಂತ ದೊಡ್ಡದಿದ್ದರೆ ಮೇಲಿನ ಭಾಗಕ್ಕೆ ಕಟ್ಟಬೇಕು.

ಎರಡು ಕಡೆಯೂ ಒಂದು ಷರತ್ತು: ಮರುಮದುವೆಯಾದರೆ ಮಾಫಿ ನಿಲ್ಲುತ್ತದೆ. ಇಪ್ಪತ್ತೈದನೇ ವಯಸ್ಸಿಗೆ ಒಂಟಿಯಾದ ಹೆಣ್ಣಿಗೆ ಮನೆ ಬೇಕೋ ಮದುವೆ ಬೇಕೋ ಎಂದು ಕಾನೂನು ಕೇಳಿದಂತಾಗುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ. ನಮ್ಮ ಉದಾರೀಕೃತ ಕುಟುಂಬ ಪಿಂಚಣಿಯ ನಿಯಮ ಈ ವಿಷಯದಲ್ಲಿ ಮೆತ್ತಗಿದೆ. ಮರುಮದುವೆಯಾದ ಮೇಲೂ ಆಕೆ ತೀರಿಹೋದವರ ಮಕ್ಕಳನ್ನು ಸಾಕುತ್ತಿದ್ದರೆ ಪಿಂಚಣಿ ಮುಂದುವರಿಯುತ್ತದೆ. ಊರವರ ಮಾತಿಗೆ ಹೆದರಿ “ಪಿಂಚಣಿ ಹೋಗುತ್ತೆ” ಎಂದು ಸಂಬಂಧ ಬೇಡವೆಂದವರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕಿತ್ತು.

ಹಾಸನದ ಕಾಗದಕ್ಕೇ ಮರಳೋಣ. ಖಾತೆ ಆದಮೇಲೆ ಬೇಕಾದದ್ದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಗುರುತಿನ ಚೀಟಿ. ಹಾಸನದಲ್ಲೇ ಅದರ ಕಚೇರಿ ಇದೆ. ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಅಲ್ಲಿ ಚೀಟಿ ಮಾಡಿಕೊಡುತ್ತಾರೆ. ಇಲ್ಲಿ ಕೆಲವರಿಗೆ ನಿರಾಸೆ ಆಗುವುದುಂಟು. ಮಾಜಿ ಸೈನಿಕ ಎಂಬ ವ್ಯಾಖ್ಯೆಯಲ್ಲಿ ಬರುವುದು ಭೂಸೇನೆ, ನೌಕಾಪಡೆ, ವಾಯುಪಡೆ. ಸಿಆರ್‌ಪಿಎಫ್, ಬಿಎಸ್‌ಎಫ್ ಗೃಹ ಸಚಿವಾಲಯದ ಪಡೆಗಳು, ಅವರ ಕಲ್ಯಾಣದ ದಾರಿ ಬೇರೆ. ಊರಿನ ಕಣ್ಣಿಗೆ ಎಲ್ಲರೂ ಸೈನಿಕರೇ, ನನ್ನ ಕಣ್ಣಿಗೂ ಹಾಗೇ. ಆದಾಯ ತೆರಿಗೆಯ ವಿನಾಯಿತಿಯಲ್ಲಿ ಅರೆಸೇನಾ ಪಡೆಗಳನ್ನೂ ಸೇರಿಸಿದ್ದಾರೆ ಎಂಬುದಷ್ಟೇ ಸಮಾಧಾನ.

ಆಮೇಲೆ ಹೆಸರು. ಆ ಅಕ್ಕನ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಪಿಪಿಒದಲ್ಲಿ ಮದುವೆಗೆ ಮುಂಚಿನ ಹೆಸರು, ಅದೂ ರೆಜಿಮೆಂಟಿನ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದ ಸ್ಪೆಲ್ಲಿಂಗಿನಲ್ಲಿ. ಆಧಾರ್‌ನಲ್ಲಿ ಗಂಡನ ಮನೆಯಲ್ಲಿ ಕರೆಯುವ ಹೆಸರು, ಕೊನೆಗೆ ಒಂದು ‘ಅಮ್ಮ’. ಹೆಣ್ಣುಮಗಳು ಒಬ್ಬಳೇ, ಕಾಗದದಲ್ಲಿ ಇಬ್ಬರು. ಕೌಂಟರಿನಲ್ಲಿ ಇದಕ್ಕೇ ಅರ್ಜಿ ವಾಪಸ್ ಬರುತ್ತದೆ. ಎರಡೂ ಹೆಸರು ಒಬ್ಬರದೇ ಎಂದು ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿಸಿ, ನೋಟರಿ ಸಹಿ ಹಾಕಿಸಿ, ಸೈನಿಕ ಕಲ್ಯಾಣ ಕಚೇರಿಯ ಮೂಲಕ ಪಿಂಚಣಿ ದಾಖಲೆಯಲ್ಲೂ ತಿದ್ದುಪಡಿಗೆ ಬರೆಸುವುದು ಒಳ್ಳೆಯದು. ಇವತ್ತು ಕಂದಾಯಕ್ಕೆ ತಡೆಯಾದ ಹೆಸರು ನಾಳೆ ಮಕ್ಕಳ ಶಿಷ್ಯವೇತನಕ್ಕೂ ತಡೆಯಾಗುತ್ತದೆ.

ಅರ್ಜಿ ಒಂದು ಪುಟ ಸಾಕು. ಆಸ್ತಿಯ ಸಂಖ್ಯೆ, ಖಾತೆದಾರರ ಹೆಸರು, ಮೃತ ಸೈನಿಕರ ಹೆಸರು ಮತ್ತು ಸೇನಾ ಸಂಖ್ಯೆ, ಈ ಮನೆಯಲ್ಲಿ ನಾವೇ ವಾಸವಿದ್ದೇವೆ ಎಂಬ ಒಂದು ಸಾಲು, ಯಾವ ವರ್ಷದಿಂದ ವಿನಾಯಿತಿ ಬೇಕು ಎಂಬ ಒಂದು ಸಾಲು. ಚೀಟಿ, ಖಾತೆ, ಮರಣ ಪ್ರಮಾಣಪತ್ರದ ನಕಲು. ಬಾಯಿಮಾತಿನಲ್ಲಿ ಕೇಳಬೇಡಿ, ಅರ್ಜಿ ಕೊಟ್ಟು ಸ್ವೀಕೃತಿಯ ಮೊಹರು, ನಂಬರು ಹಾಕಿಸಿಕೊಳ್ಳಿ. “ಇಲ್ಲ” ಎಂದು ಬಾಯಲ್ಲಿ ಹೇಳುವುದು ಎಲ್ಲರಿಗೂ ಸುಲಭ. ಅದನ್ನೇ ಬರೆದುಕೊಡಬೇಕಾಗಿ ಬಂದರೆ ನಿಯಮದ ಪುಸ್ತಕ ತೆಗೆಯಲೇಬೇಕು. ಹಾಗೆ ಪುಸ್ತಕ ತೆಗೆದು, ನೋಡಿ, ತಪ್ಪಾಯಿತೆಂದು ಹೇಳಿ ಅದೇ ದಿನ ಚಲನ್ ತಿದ್ದಿಕೊಟ್ಟ ಗುಮಾಸ್ತರನ್ನೂ ನಾನು ಬಲ್ಲೆ.

ವಾಸದ ಷರತ್ತನ್ನು ಮರೆಯಬಾರದು. ಮೇಲಿನ ಮನೆ ಬಾಡಿಗೆಗೆ ಕೊಟ್ಟಿದ್ದರೆ ಆ ಭಾಗ ಸ್ವಂತ ವಾಸ ಅಲ್ಲ, ಅದನ್ನು ಅರ್ಜಿಯಲ್ಲಿ ಪ್ರಾಮಾಣಿಕವಾಗಿ ಬರೆಯಬೇಕು. ಮಕ್ಕಳ ಓದಿಗೆಂದು ಮೈಸೂರಿಗೋ ಬೆಂಗಳೂರಿಗೋ ಹೋಗಿ ಇಲ್ಲಿನ ಮನೆಗೆ ಬೀಗ ಹಾಕಿದವರದ್ದು ನೋವಿನ ವಿಷಯ. ಸೈನಿಕ ಬದುಕಿದ್ದಾಗ ಗಡಿಯಲ್ಲಿದ್ದ, ಮನೆ ಇಲ್ಲಿತ್ತು. ಅವನು ಹೋದಮೇಲೆ ಹೆಂಡತಿ ಮಕ್ಕಳ ಶಾಲೆಯ ಹತ್ತಿರ ಇದ್ದಾಳೆ, ಮನೆ ಇಲ್ಲಿದೆ. ಇಂಥವರಿಗೆ ಮಕ್ಕಳ ಓದು ಮುಗಿಯುವವರೆಗಾದರೂ ಬೀಗ ಹಾಕಿದ ಮನೆಯನ್ನು ಸ್ವಂತ ವಾಸವೆಂದೇ ಪರಿಗಣಿಸಲು ನಿಯಮದಲ್ಲಿ ಒಂದು ಸಾಲು ಸೇರಿಸಿದರೆ ಸರ್ಕಾರಕ್ಕೆ ಆಗುವ ನಷ್ಟ ಏನೂ ಇಲ್ಲ. ಟೆಕ್ಸಾಸ್‌ನಲ್ಲಂತೂ ಆಕೆ ಬೇರೆ ಮನೆಗೆ ಹೋದರೂ ಹಳೇ ಮನೆಗೆ ಎಷ್ಟು ಮಾಫಿ ಸಿಗುತ್ತಿತ್ತೋ ಅಷ್ಟು ಮೊತ್ತ ಹೊಸ ಮನೆಗೆ ಹಿಂದೆಯೇ ಹೋಗುತ್ತದೆ.

ಆ ಅಕ್ಕನ ಪೌತಿ ಖಾತೆ ಆಗಲು ಐದು ತಿಂಗಳು ಹಿಡಿಯಿತು. ವಂಶವೃಕ್ಷದಲ್ಲಿ ಅತ್ತೆಯ ಹೆಸರು ಬಿಟ್ಟುಹೋಗಿತ್ತು, ಮತ್ತೆ ಮಾಡಿಸಬೇಕಾಯಿತು. ಅತ್ತೆಯನ್ನು ಕರೆದುಕೊಂಡು ಬಂದಿದ್ದರು. ಆ ಅಜ್ಜಿಗೆ ಓದು ಬಾರದು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು, “ಇದ್ರಾಗೆ ನಾನು ಬಿಟ್ಕೊಟ್ಟಂಗೆ ಏನಾದ್ರೂ ಬರ್ದಿದೀಯೇನಪ್ಪ?” ಎಂದು ಕೇಳಿದರು. ಇಲ್ಲ ಅಜ್ಜಿ, ನಿಮ್ಮ ಹೆಸರೂ ಇರುತ್ತೆ, ಸೊಸೆ ಹೆಸರೂ ಮೊಮ್ಮಗಳ ಹೆಸರೂ ಇರುತ್ತೆ ಎಂದೆ. ಒತ್ತಿದರು.

ಏಪ್ರಿಲ್ ಎರಡನೇ ವಾರ ಅರ್ಧ ತೆರಿಗೆಯ ಚಲನ್ ಕಟ್ಟಿ ಬಂದು ರಸೀದಿಯನ್ನು ನನ್ನ ಮೇಜಿನ ಮೇಲಿಟ್ಟರು. ಮೂರು ಹೆಸರಿನ ಮೇಲೂ ಬೆರಳಿಟ್ಟು ತೋರಿಸಿ, ರಬ್ಬರ್ ಬ್ಯಾಂಡ್ ಬಿಚ್ಚಿ, ಹಳೇ ಎಂಟು ರಸೀದಿಗಳ ಮೇಲೆ ಇದನ್ನು ಇಟ್ಟುಕೊಂಡರು.